ಖಾರವಿಲ್ಲದ ಶುಂಠಿ

ಜಮಖಂಡಿ, ಟಪಾಲು ಕಚೇರಿಯ ಕಟ್ಟೆ
ಗುರುವಾರ, ತಾ. ೨೧-೧-೧೯೫೪

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಪ್ರಹ್ಲಾದನ ನಮಸ್ಕಾರ. ಸಾಷ್ಟಾಂಗವನ್ನೇ ಹಾಕಬೇಕೆಂದಿದ್ದೆ. ಆದರೆ ಈ ಕಟ್ಟೆಯ ಮೇಲೆ ಕಂದು ನಾಯಿಯೊಂದು ನನಗಿಂತ ಮೊದಲೇ ಸಾಷ್ಟಾಂಗ ಹಾಕಿ ಮಲಗಿರುವುದರಿಂದ ಕೂತಲ್ಲಿಂದಲೇ ಕೈ ಮುಗಿದಿದ್ದೇನೆ, ಒಪ್ಪಿಸಿಕೋ. ನಿನ್ನ ಕೆಮ್ಮು ಹೇಗಿದೆ? ಮುಂಬಯಿಯ ಗಾಳಿ ಒದ್ದೆ ಅರಿವೆ ಹೊದ್ದ ಹಾಗೆ ಎಂದು ಬರೆದಿದ್ದೆಯಲ್ಲ, ಮಲಗುವಾಗ ಕಿವಿಗೆ ಹತ್ತಿ ಇಟ್ಟುಕೋ. ಪುಟ್ಟಿಗೆ ಹಲ್ಲು ಬಂದವೇ? ಬಂದಿದ್ದರೆ ಮೊದಲು ಯಾರನ್ನು ಕಚ್ಚಿದಳೆಂದು ತಪ್ಪದೆ ತಿಳಿಸು. ಸೋದರಮಾವನಾದ ನನಗೆ ಅದು ಗೊತ್ತಿರಬೇಕಾದದ್ದು ಶಾಸ್ತ್ರ. ಭಾವನವರ ಪ್ರಕೃತಿ ಚೆನ್ನಾಗಿದೆ ಎಂದು ನಂಬಿದ್ದೇನೆ. ಸಂಕ್ರಮಣದ ಕುಸುರೆಳ್ಳು ಮುಟ್ಟಿರಬೇಕು. ಅದಕ್ಕೆ ಶುಂಠಿಯ ವಾಸನೆ ಹತ್ತಿದ್ದರೆ ತುಳಸಾ ಅತ್ಯಾಳನ್ನು ಬೈಯಬೇಡ. ಈಗ ನಮ್ಮ ಮನೆಯಲ್ಲಿ ಅನ್ನಕ್ಕೂ ಅದೇ ವಾಸನೆ, ಹಾಸಿಗೆಗೂ ಅದೇ ವಾಸನೆ, ನನ್ನ ಜನಿವಾರಕ್ಕೂ ಅದೇ ವಾಸನೆ. ಮೊನ್ನೆ ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ಪೂಜಾರಿ ಅರ್ಧ ಹೆಜ್ಜೆ ಹಿಂದೆ ಸರಿದು, "ಏನಪಾ, ಕಷಾಯದಾಗ ಬಿದ್ದು ಎದ್ದು ಬಂದೀ ಏನು?" ಎಂದು ಕೇಳಿದ.

ಈ ವಾರ ನಮ್ಮ ಕಡೆಯಿಂದ ಎರಡು ಪತ್ರ ಬರುತ್ತವೆ. ಒಂದು ಪಾರ್ಸಲಿನ ಜೊತೆ, ಭಾವನವರ ಹೆಸರಿಗೆ. ಅದು ದರ್ಬಾರಿ ಪತ್ರ. ಅಪ್ಪ ಹೇಳಿದರು, ನಾನು ಬರೆದೆ, ಕೊನೆಗೆ ಅವರೇ ಲೇಖನಿ ತೆಗೆದುಕೊಂಡು ಆಶೀರ್ವಾದ ಬರೆದರು. ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸು. ಎರಡನೆಯದು ಇದು. ಪಾರ್ಸಲಿನ ಖಿಡಕಿ ಊಟದ ಹೊತ್ತು ಕಳೆದ ಮೇಲೆಯೇ ತೆರೆಯುತ್ತದಂತೆ, ಅಲ್ಲಿಯವರೆಗೆ ಕೂತು ಬರೆಯುತ್ತಿದ್ದೇನೆ. ಇದನ್ನು ಭಾವನವರು ಕಾರಖಾನೆಗೆ ಹೋದ ಮೇಲೆ ನೀನೊಬ್ಬಳೇ ಓದು. ಯಾವಾಗಿನ ಹಾಗೆ ಏನಾದರೊಂದು ಜಾಹೀರನಾಮೆ ಹೊರಡಿಸಿ ನಿನ್ನನ್ನು ನಗಿಸಬೇಕೆಂದೇ ಕಾಗದ ತೆಗೆದೆ. ಆದರೆ ದಣಿದಿದ್ದೇನೆ ಅಕ್ಕಾ. ಬೆರಳ ತುದಿಗಳು ಸುಲಿದು ಹೋಗಿವೆ, ನೀರು ಸೇದಿ ಸೇದಿ ತೋಳು ನನ್ನದಲ್ಲ ಅನ್ನಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಮನಸ್ಸು ಸೋತಿದೆ. ಹೀಗಾಗಿ ಸುತ್ತು ಹಾಕದೆ ಹೇಳಿಬಿಡುತ್ತೇನೆ. ನಮ್ಮ ಅಪ್ಪನಿಗೆ ವಾಸನೆ ತಿಳಿಯುವುದಿಲ್ಲ. ಸ್ವಲ್ಪ ಕಡಿಮೆಯಾಗಿದೆ ಎಂದಲ್ಲ, ಏನೂ ತಿಳಿಯುವುದಿಲ್ಲ. ಆ ಮೂಗನ್ನು ನಂಬಿಯೇ ಭಾವನವರು ತಮ್ಮ ಸೇಠರಿಗೆ ಮಾತು ಕೊಟ್ಟು ಅವರನ್ನು ಮುಂಬಯಿಗೆ ಕರೆಸುತ್ತಿದ್ದಾರೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದರೆ ಕ್ಷಮಿಸು, ಬರೆದರೆ ನನಗೇ ಹಗುರ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಅರಮನೆಯ ಅತ್ತರಖಾನೆಗೆ ಬೀಗ ಬಿತ್ತು. ದರ್ಬಾರು ಮುಗಿಯುವಾಗ ಸರದಾರರ ಕೈಗೆ ಅತ್ತರು ಸವರಿ, ಗುಲಾಬದಾನಿಯಿಂದ ಪನ್ನೀರು ಚಿಮುಕಿಸುತ್ತಿದ್ದ ನಮ್ಮಪ್ಪ ಕೃಷ್ಣಾಜಿಪಂತರು ಕಚೇರಿಯಲ್ಲಿ ಬಂದ ಕಾಗದಕ್ಕೂ ಹೋದ ಕಾಗದಕ್ಕೂ ನಂಬರು ಹಾಕುವ ಕಾರಕೂನರಾದರು. ಅದರ ಬಗ್ಗೆ ಒಂದು ದಿನವೂ ಗೊಣಗಲಿಲ್ಲ, ಒಂದು ದಿನವೂ ನಗಲಿಲ್ಲ. ಹೀಗಿರುವಾಗ ದೀಪಾವಳಿಯ ಮರುವಾರ ಭಾವನವರ ಪತ್ರ ಬಂತು. ಅವರ ಸೇಠರು ಗಂಡಸರಿಗೆಂದು ಹೊಸ ಅತ್ತರೊಂದನ್ನು ಮಾಡಿಸುತ್ತಿದ್ದಾರೆ. ಶ್ರೀಗಂಧ, ಲಾವಂಚ ಎಲ್ಲ ಕೂಡಿದ್ದರೂ ಅದು ಎದ್ದು ನಿಲ್ಲುತ್ತಿಲ್ಲ. ಅದಕ್ಕೆ ನಿಜವಾದ ಶುಂಠಿಯೆಣ್ಣೆ ಬೇಕು, ಪೇಟೆಯಲ್ಲಿ ಸಿಗುವುದೆಲ್ಲ ಬೆರಕೆ. ಮಾವನವರು ತಮ್ಮ ಕೈಯಾರೆ ತೆಗೆದ ಎಣ್ಣೆಯ ಶೀಶೆಯೊಂದನ್ನು ಕಳಿಸಲಿ, ಒಪ್ಪಿಗೆಯಾದರೆ ಕಾರಖಾನೆಗೆ ಬರುವ ಎಣ್ಣೆಗಳನ್ನೆಲ್ಲ ಮೂಸಿ ಪಾಸು ಮಾಡುವ ಖುರ್ಚಿ ಅವರದೇ. ಅಪ್ಪ ಆ ಪತ್ರವನ್ನು ಮೊದಲು ದೇವರ ಮುಂದಿಟ್ಟರು. ಆಮೇಲೆ ಅಟ್ಟದಿಂದ ಟ್ರಂಕು ಇಳಿಸಿ, ದರ್ಬಾರಿನ ಕರಿ ಕೋಟು ಝಾಡಿಸಿ, ಮಡಿಸಿ, ಎಲ್ಲಕ್ಕೂ ಮೇಲೆ ಇಟ್ಟರು. ಆವತ್ತಿನಿಂದ ಊಟಕ್ಕೆ ಕೂತರೆ ನನಗೆ ಪಾಠ. "ಗಂಧ ಅಂದ್ರ ಮಲಗಿದ ಮನಷ್ಯಾ ಇದ್ಹಾಂಗ ಪ್ರಹ್ಲಾದಾ. ಶುಂಠಿ ಅವನ್ನ ಎಬ್ಬಸ್ತದ. ಆದ್ರ ಬಡದು ಎಬ್ಬಸಬಾರದು, ಹೆಸರು ಹಿಡದು ಕರೀಬೇಕು. ಒಂದು ಹನಿ ಹೆಚ್ಚಾತೋ, ಅತ್ತರು ಹೋಗಿ ಕಷಾಯ ಆತು." ಇನ್ನೊಂದು ದಿನ ಹೇಳಿದ್ದು: "ಖಾರ ಹಬಿ ಜೋಡಿ ಮ್ಯಾಲೆ ಏರೂದಿಲ್ಲ, ಅದು ಹಂಡ್ಯಾಗ ಉಳೀತದ. ಪರಿಮಳ ಅಷ್ಟ ಏರಿ ಬರ್ತದ. ನಾಲಿಗಿ ಸುಡೂ ಶುಂಠಿಯೆಣ್ಣಿ ಯಾರರೆ ತಂದುಕೊಟ್ರ ತಿಳಕೋ, ಅಂವ ಕಳ್ಳ." ಈ ಮಾತನ್ನು ನೆನಪಿಟ್ಟುಕೋ ಅಕ್ಕಾ, ಮುಂದೆ ಬೇಕಾಗುತ್ತದೆ.

ಹೀಗೆ, ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ನಿನ್ನ ತಮ್ಮನನ್ನು ಶ್ರೀಮನ್ಮಹಾಶುಂಠೀಶ್ವರ, ಭಟ್ಟಿಬಹಾದ್ದೂರ, ಸಿಪ್ಪೆ ಸಂಸ್ಥಾನಾಧಿಪತಿ ಎಂಬ ಬಿರುದುಗಳೊಂದಿಗೆ ಹಿತ್ತಲಿನ ಸಿಂಹಾಸನದ ಮೇಲೆ, ಅಂದರೆ ಬಚ್ಚಲ ಮುಂದಿನ ಹಾಸುಗಲ್ಲಿನ ಮೇಲೆ, ಕೂರಿಸಲಾಯಿತು. ಅನಗವಾಡಿಯ ಲಗಮಣ್ಣ ಹೊಳೆದಂಡೆಯ ಹೊಲದಲ್ಲಿ ಬೆಳೆದ ಹಸಿಶುಂಠಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಇಳಿಸಿ, "ಸಣ್ಣ ಪಂತರ, ಇಷ್ಟೆಲ್ಲಾ ತಿಂದ್ರ ಪಿತ್ತ ನೆತ್ತಿಗೇರತೈತ್ರೀ" ಎಂದು ಕಾಳಜಿಯಿಂದ ಹೇಳಿಹೋದ. ಎಣ್ಣೆ ತೆಗೆಯುವ ಕ್ರಮ ಹೇಳಲಿಕ್ಕೆ ಸುಲಭ. ತಾಮ್ರದ ಪಾತ್ರೆಯಲ್ಲಿ ಜಜ್ಜಿದ ಶುಂಠಿ ಮತ್ತು ನೀರು, ಮೇಲೆ ಮುಚ್ಚಳ, ಸಂದಿಗೆ ನಾದಿದ ಹಿಟ್ಟು ಮೆತ್ತಿ ಹಬೆ ಹೊರಗೆ ಹೋಗದ ಹಾಗೆ ಬಂದೋಬಸ್ತು. ಮುಚ್ಚಳದಿಂದ ಬಿದಿರಿನ ಕೊಳವೆಯೊಂದು ತಣ್ಣೀರಿನ ದೋಣಿಯಲ್ಲಿಟ್ಟ ತಂಬಿಗೆಗೆ ಇಳಿಯುತ್ತದೆ. ಹಬೆ ಅಲ್ಲಿ ತಣ್ಣಗಾಗಿ ನೀರಾಗುತ್ತದೆ, ನೀರಿನ ಮೇಲೆ ಎಣ್ಣೆ ತೆಳ್ಳಗೆ ತೇಲುತ್ತದೆ, ಅದನ್ನು ಹತ್ತಿಯ ಬತ್ತಿಯಲ್ಲಿ ಹೀರಿ ಶೀಶೆಗೆ ಹಿಂಡಬೇಕು. ಆದರೆ ಮನೆಯಲ್ಲಿ ಅಷ್ಟು ದೊಡ್ಡ ತಾಮ್ರದ ಪಾತ್ರೆ ಎಂದರೆ ಒಂದೇ, ಅತ್ಯಾಳ ಮಡಿನೀರಿನ ಹಂಡೆ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕರಾರು ಹಾಕಿದಳು. "ಮಣ್ಣಾಗ ಬೆಳದದ್ದು ಸಿಪ್ಪಿ ಸಮೇತ ನನ್ನ ಹಂಡ್ಯಾಗ ಬೀಳೂಹಾಂಗಿಲ್ಲ. ಗೆಣಸಿರ್ಲಿ, ಶುಂಠಿ ಇರ್ಲಿ. ಸುಲದು, ತೊಳದು, ಆಮ್ಯಾಲೆ ಹಾಕು. ಇಲ್ಲಾಂದ್ರ ಅತ್ತರಖಾನಿಯೊಳಗ ಹಂಡೆ ಹುಡುಕ್ಯೋ ಹೋಗು." ಅಪ್ಪ ತಮ್ಮ ಅಕ್ಕನಿಗೆ ಎದುರಾಡಿದ್ದನ್ನು ನೀನೂ ನೋಡಿಲ್ಲ, ನಾನೂ ನೋಡಿಲ್ಲ.

ಸುಲಿದೆ. ಹಸಿಶುಂಠಿಗೆ ಎಷ್ಟು ಬೆರಳು, ಎಷ್ಟು ಸಂದಿ ಎಂಬುದು ಸುಲಿದವನಿಗೇ ಗೊತ್ತು. ಚಿಪ್ಪಿನ ಅಂಚಿನಿಂದ ಕೆರೆದು ಕೆರೆದು ನನ್ನ ಬೆರಳೂ ಶುಂಠಿಯೂ ಒಂದೇ ಜಾತಿಯವಾಗಿ ಕಾಣತೊಡಗಿದವು. ಬುಟ್ಟಿ ಬುಟ್ಟಿ ಸಿಪ್ಪೆಯನ್ನು ಬಾವಿಯ ಹತ್ತಿರದ ತಿಪ್ಪೆಗೆ ಸುರಿದೆ. ಸುಲಿದ ಶುಂಠಿಯನ್ನು ದಿನವಿಡೀ ಕುದಿಸಿದರೆ ತಂಬಿಗೆಯ ಮೇಲೆ ತೇಲಿದ್ದು ಎರಡು ಬತ್ತಿಗೂ ಸಾಲದಷ್ಟು. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಪರೀಕ್ಷೆಗೆ ಕೂತರು. ಅವರ ಪದ್ಧತಿ ನಿನಗೆ ನೆನಪಿದೆಯಲ್ಲ, ಶೀಶೆಯ ಬಿರಡೆಯನ್ನು ಮೇಲ್ದುಟಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಉಸಿರನ್ನು ನಿಧಾನಕ್ಕೆ ಒಳಗೆಳೆಯುವುದು. ಅಡುಗೆಮನೆಯ ಬಾಗಿಲಲ್ಲಿ ಅತ್ಯಾ "ನಾರಾಯಣ" ಎಂದು ಗಿಡ್ಡಗೆ ಅಂದಳು. ಹೋದ ವರ್ಷದಿಂದ ಅವಳ ನಾಮಸ್ಮರಣೆ ಹೆಚ್ಚಾಗಿದೆ. ಹಾಲು ಸೀಯುವಂತಿದ್ದರೆ ನಾರಾಯಣ, ತುಪ್ಪ ಹದಕ್ಕೆ ಬಂದರೆ ಉದ್ದನೆಯ ನಾರಾಯಣಾ. ಅಪ್ಪ ಕಣ್ಣು ತೆರೆದು, "ಕ್ಷೀಣ ಆತು, ಜೀವ ಇಲ್ಲ" ಎಂದರು. ಮತ್ತೆ ಸುಲಿದೆ, ಮತ್ತೆ ಕುದಿಸಿದೆ, ಮತ್ತೆ ಕ್ಷೀಣ. ಇದರ ಗುಟ್ಟು ತಿಳಿದದ್ದು ತಿಪ್ಪೆಯ ಹತ್ತಿರ. ಬಿಸಿಲೇರಿದಾಗ ಬುಟ್ಟಿ ಸುರಿಯಲು ಹೋದರೆ ನಮ್ಮ ಶೀಶೆಗಿಂತ ನಮ್ಮ ತಿಪ್ಪೆಯೇ ಘಮಘಮ ಎನ್ನುತ್ತಿತ್ತು! ಶುಂಠಿಯ ಎಣ್ಣೆ ಇರುವುದೇ ಸಿಪ್ಪೆಯ ಬೆನ್ನಿಗೆ, ಅದನ್ನು ಕೆರೆದು ತಿಪ್ಪೆಗೆ ಚೆಲ್ಲಿ, ಮಡಿಯಾಗಿ ಉಳಿದ ನಾರನ್ನು ನಾವು ಕುದಿಸುತ್ತಿದ್ದೆವು. ನಕ್ಕೆ. ಆಮೇಲೆ ನಗು ನಿಂತಿತು. ಅಪ್ಪ ದಿನಕ್ಕೆ ನಾಲ್ಕು ಸಲ ಆ ತಿಪ್ಪೆಯ ಪಕ್ಕದಿಂದಲೇ ಬಾವಿಗೆ ಹೋಗಿಬರುತ್ತಾರೆ. ಒಂದು ಕಾಲಕ್ಕೆ ಓಣಿಯ ತುದಿಯಲ್ಲಿ ನಿಂತು ಯಾರ ಮನೆಯ ಹುಳಿಗೆ ಇಂಗು ಹೆಚ್ಚಾಗಿದೆ ಎಂದು ಹೇಳುತ್ತಿದ್ದವರು. ಯೋಚನೆಯಲ್ಲಿ ಮುಳುಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ದೇವರು ನನ್ನ ಕಡೆ ಇದ್ದ. ಸಂಕ್ರಮಣ ಮುಗಿದ ಮರುದಿನವೇ ಅತ್ಯಾ ಗಂಡನ ಶ್ರಾದ್ಧಕ್ಕೆಂದು ಮುಧೋಳಕ್ಕೆ, ಮೈದುನನ ಮನೆಗೆ ಹೋದಳು. ಅವಳ ಬಸ್ಸು ಕಣ್ಮರೆಯಾಗುವುದೇ ತಡ, ಶುಂಠಿಯನ್ನು ಬರಿ ತೊಳೆದು, ಸಿಪ್ಪೆ ಸಮೇತ ಜಜ್ಜಿ, ಆ ಪರಮಪವಿತ್ರ ಹಂಡೆಗೆ ತುಂಬಿದೆ. ನರಕದಲ್ಲಿ ನನಗೆಂದು ಒಂದು ಹಂಡೆ ಈಗಾಗಲೇ ಒಲೆಯ ಮೇಲಿರಬೇಕು, ಅದೂ ಸಿಪ್ಪೆ ಸಮೇತ. ಆದರೆ ಅಕ್ಕಾ, ಸಂಜೆ ತಂಬಿಗೆಯ ಮೇಲೆ ತೇಲಿದ್ದನ್ನು ನೀನು ನೋಡಬೇಕಿತ್ತು. ತಿಳಿ ಹಳದಿ, ಬೆರಳ ದಪ್ಪದಷ್ಟು. ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ, ನಾನು ಹೇಳಲು ಹೋದರೆ ಜಾಹೀರನಾಮೆಯಾಗುತ್ತದೆ. ನಾಲಿಗೆಯ ತುದಿಗೆ ಮುಟ್ಟಿಸಿದೆ, ಖಾರದ ಸುಳಿವಿಲ್ಲ. ಅಪ್ಪ ಹೇಳಿಕೊಟ್ಟದ್ದು ಖರೆ ಆಗಿತ್ತು. ಅತ್ತರಖಾನೆಯ ಹಳೆಯ ನೀಲಿ ಶೀಶೆಯೊಂದಕ್ಕೆ ತುಂಬಿ ಓಡುತ್ತ ಒಯ್ದು ಕೊಟ್ಟೆ. ಅವರು ಬಿರಡೆ ತೆಗೆದು ಮೇಲ್ದುಟಿಗೆ ಮುಟ್ಟಿಸಿದರು, ಕಣ್ಣು ಮುಚ್ಚಿದರು, ಉಸಿರೆಳೆದರು. ಮತ್ತೆ ಎಳೆದರು. ಕಣ್ಣು ತೆರೆದು ಅಡುಗೆಮನೆಯ ಖಾಲಿ ಬಾಗಿಲ ಕಡೆ ಒಂದು ಗಳಿಗೆ ನೋಡಿದರು. "ಸತ್ತ ಎಣ್ಣಿ ಇದು. ಏನೂ ಮಾತಾಡೂದಿಲ್ಲ" ಎಂದು ಶೀಶೆಯನ್ನು ಗೋಡೆಯ ಗೂಡಿನಲ್ಲಿಟ್ಟು ಎದ್ದುಬಿಟ್ಟರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಕೈ ಏನು ಮಾಡುತ್ತದೆಂದು ನಿನಗೆ ಗೊತ್ತು. ನಿನ್ನ ಮದುವೆಯಲ್ಲಿ ಬೀಗರ ವೀಳ್ಯಕ್ಕೆ ಏನು ಸೇರಿತ್ತು ಎಂಬುದನ್ನು ಭಾವನವರು ಇನ್ನೂ ಮರೆತಿಲ್ಲವಂತೆ. ಒಣಶುಂಠಿಯ ಪುಡಿ, ಮೆಣಸಿನಕಾಯಿಯ ಬೀಜ, ಒಂದಿಷ್ಟು ಕರಿಮೆಣಸು, ಎಲ್ಲವನ್ನೂ ಕುಸುಬಿಯೆಣ್ಣೆಯಲ್ಲಿ ಬಿಸಿ ಮಾಡಿ ಅರಿವೆಯಲ್ಲಿ ಸೋಸಿ, ಅಂಥದೇ ಇನ್ನೊಂದು ನೀಲಿ ಶೀಶೆಗೆ ತುಂಬಿದೆ. ಮರುದಿನ ಬೆಳಿಗ್ಗೆ ಗಂಭೀರವಾಗಿ ಕೈ ಕಟ್ಟಿಕೊಂಡು ನಿಂತು, "ಮತ್ತೊಮ್ಮೆ ತೆಗದೇನ್ರಿ ಅಪ್ಪಾ, ಪರಾಮರ್ಶೆ ಆಗಬೇಕು" ಎಂದು ಒಪ್ಪಿಸಿದೆ. ಮೂಸುವುದಕ್ಕೂ ಮೊದಲೇ ಗೊತ್ತಾಗುತ್ತದೆ, ಬೈಯುತ್ತಾರೆ, ಬೈದು ನಗುತ್ತಾರೆ ಎಂದುಕೊಂಡಿದ್ದೆ. ಅಪ್ಪ ಬಿರಡೆಯನ್ನು ತುಟಿಗೆ ಮುಟ್ಟಿಸಿ ಉಸಿರೆಳೆದರು. ಅವರ ಮೈ ಒಮ್ಮೆ ಬೆಚ್ಚಿತು. ಕಣ್ಣಲ್ಲಿ ಬಳಬಳ ನೀರು. "ಇದು!" ಎಂದರು. "ಇದಕ್ಕ ಅಂತಾರ ಜೀವ. ನೋಡು, ನೋಡು ಹ್ಯಾಂಗ ಮ್ಯಾಲೆ ಏರಲಿಕ್ಕತ್ತದ." ಮತ್ತೆ ಮತ್ತೆ ಎಳೆದುಕೊಂಡರು. ಅವರು ನಗುತ್ತಿದ್ದರು ಅಕ್ಕಾ, ಸಂಸ್ಥಾನ ಹೋದ ಮೇಲೆ ನಾನು ನೋಡದ ನಗು. ಖಾರ ಹಬೆ ಹತ್ತುವುದಿಲ್ಲ, ಸುಡುವ ಎಣ್ಣೆ ಕೊಟ್ಟವನು ಕಳ್ಳ ಎಂದು ನನಗೆ ಕಲಿಸಿದ್ದು ಅವರೇ. ಆ ಪಾಠವೇ ಮರೆತುಹೋಗಿತ್ತು. ಎಷ್ಟೋ ದಿನದಿಂದ ಏನೂ ಬಾರದ ಮೂಗಿಗೆ ಏನೋ ಒಂದು ಬಂತಲ್ಲ ಎಂಬುದೇ ಅವರಿಗೆ ಸಾಕಾಗಿತ್ತು. ಬಂದದ್ದು ಉರಿ ಮಾತ್ರ. ನಾನು ನಗಬೇಕೆಂದು ಮಾಡಿದ್ದು, ನಗಲಾಗಲಿಲ್ಲ. "ಹೌದ್ರಿ" ಎಂದೆ.

ಆವತ್ತು ಒಲೆಯ ಮೇಲೆ ಹಾಲು ಉಕ್ಕಿ ಸೀದು ಮನೆಯೆಲ್ಲ ಹೊಗೆಯಾಯಿತು. ಅಪ್ಪ ಒಲೆಯಿಂದ ಮೊಳ ದೂರದಲ್ಲಿ ಬೆನ್ನು ಹಾಕಿ ಕೂತು ಪಂಚಾಂಗ ನೋಡುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಚೆ ವರ್ಷದ ಮಳೆಗಾಲದ ಆ ಜ್ವರ, ಆ ಕಟ್ಟಿದ ನೆಗಡಿ, ಆಮೇಲೆ ಅವರು ಒಮ್ಮೆಯಾದರೂ ಸಾರಿಗೆ ಕರಿಬೇವು ಸಾಲದು ಎಂದದ್ದಿಲ್ಲ, ಗಟಾರದ ಬಗ್ಗೆ ಮುನಸಿಪಾಲಟಿಗೆ ಅರ್ಜಿ ಬರೆದದ್ದಿಲ್ಲ. ಎಲ್ಲ ಒಂದಕ್ಕೊಂದು ಹೊಂದಿಕೊಂಡವು. ಅಪ್ಪನಿಗೆ ತಾಳ್ಮೆ ಬಂದಿದೆ ಎಂದು ಊರೆಲ್ಲ ಹೊಗಳುತ್ತಿತ್ತು, ಅದು ತಾಳ್ಮೆಯಲ್ಲ. ಅವರಿಗೇ ಇದು ಪೂರ್ತಿ ಗೊತ್ತಿದೆಯೋ, ಇಲ್ಲ ದಿನವೂ ನಾಳೆ ಬಂದೀತೆಂದು ಕಾಯುತ್ತಿದ್ದಾರೋ ಎಂದು ನನಗೆ ತಿಳಿಯದು. ಕೇಳುವ ಧೈರ್ಯವಿಲ್ಲ. ಯಾವ ಮುಖದಿಂದ ಕೇಳಲಿ? ಮೆಣಸಿನ ಬೀಜದ ಎಣ್ಣೆಯನ್ನು ಅವರು ಅತ್ತರದಾನಿಯ ಹಳೆಯ ಮರದ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿಯಾಗಿತ್ತು.

ಮರುದಿನ ಇನ್ನೊಂದು ಸಡಗರ. ದಾರೂಬಂದಿಯ ಕಾಲವಲ್ಲವೇ, ಸೆರೆ ಕಾಸಿದರೆ ಜೈಲು, ಹಿತ್ತಲಲ್ಲಿ ಭಟ್ಟಿ, ಕೊಳವೆ, ಹೊಗೆ ಎಂದರೆ ಜನ ಸುಮ್ಮನಿರುತ್ತಾರೆಯೇ? ಕಾಶಪ್ಪ ಎಂಬ ಪೊಲೀಸು ಲಾಠಿ ಹಿಡಿದು ಬಂದು ಅಂಗಳದಲ್ಲಿ ಮುಜುಗರದಿಂದ ನಿಂತ. "ಪಂತರ, ತಪ್ಪ ತಿಳೀಬ್ಯಾಡ್ರಿ. ನಿಮ್ಮಂಥಾ ಮಂದಿ ಮನ್ಯಾಗ ಭಟ್ಟಿ ಹೂಡ್ಯಾರಂತ ವರದಿ ಬಂದೈತಿ, ನಾ ಏನ್ ಮಾಡ್ಲಿ?" ನಾನು ಕೈ ಜೋಡಿಸಿ, ಹೌದು, ಇಲ್ಲಿ ಕಾಯಿದೆಬಾಹಿರವಾಗಿ ಶುಂಠಿಯನ್ನು ಕುದಿಸಲಾಗಿದೆ, ಶುಂಠಿಯನ್ನೂ ನನ್ನನ್ನೂ ಕೂಡಿಯೇ ಕಸ್ಟಡಿಗೆ ತೆಗೆದುಕೊಳ್ಳಬೇಕು ಎಂದು ವಿನಂತಿಸಿದೆ. ಅಪ್ಪ ನನ್ನನ್ನು ಗದರಿಸಿ, ಗೂಡಿನಲ್ಲಿದ್ದ ಆ 'ಸತ್ತ' ಎಣ್ಣೆಯ ಶೀಶೆಯನ್ನು ಅವನ ಕೈಗೆ ಕೊಟ್ಟರು. ಕಾಶಪ್ಪ ಮೂಗಿಗೆ ಹಿಡಿದ. ಲಾಠಿ ಗೋಡೆಗೆ ಆನಿಸಿ ಮತ್ತೆ ಹಿಡಿದ. "ಇದು ದಾರೂ ಅಲ್ಲ ಬಿಡ್ರಿ. ಹ್ಯಾಂಗ ಹೇಳ್ಲಿ… ಲಿಂಬಿತ್ವಾಟದಾಗ ಕುಂತು ಯಾವನೋ ಬಡಿಗ್ಯಾ ಹಸಿ ಕಟಗಿ ಕೊಯ್ಯಾಕತ್ತಂಗ ಐತ್ರಿ. ಆ ಕಟಗಿ ಹೊಟ್ಟಿನ ಮ್ಯಾಲೆ ಮುಂಜಾನಿ ಬಿಸಿಲು ಬಿದ್ದಂಗ." ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. "ಏನಂದಿ? ಇನ್ನೊಮ್ಮೆ ಅನ್ನು" ಎಂದರು. ಅವನು ಇನ್ನೊಮ್ಮೆ ಅಂದ. ಅವನು ಹೋದ ಮೇಲೆ, "ಪೊಲೀಸರ ಮೂಗಿಗೆ ದಾರೂ ಬಿಟ್ಟು ಏನು ತಿಳೀತದ" ಎಂದು ಶೀಶೆಯನ್ನು ಗೂಡಿಗೆ ಇಟ್ಟರು. ಆದರೆ ಅಂದಿನಿಂದ ಓಣಿಯಲ್ಲಿ ಯಾರು ಕೇಳಿದರೂ, ಪೆಟ್ಟಿಗೆಯೊಳಗಿನ ಎಣ್ಣೆ ಹೇಗಿದೆ ಎಂದರೆ, ಲಿಂಬಿತೋಟ, ಬಡಿಗ, ಹಸಿ ಕಟ್ಟಿಗೆ, ಮುಂಜಾನೆಯ ಬಿಸಿಲು ಎಂದು ಅಕ್ಷರ ಬಿಡದೆ ಹೇಳುತ್ತಾರೆ. ಸರಿಯಾದ ಮಾತನ್ನು ತಪ್ಪು ಶೀಶೆಯ ಮೇಲೆ ಇಡುತ್ತಿದ್ದಾರೆ, ಅದೂ ಸಾಲ ತಂದ ಮಾತು. ಕೇಳಲಾರದೆ ನಾನು ಬಾವಿಗೆ ನೀರಿಗೆ ಹೋಗುತ್ತೇನೆ.

ಅತ್ಯಾ ಮೊನ್ನೆ ಬಂದಳು. ಹೊಸ್ತಿಲು ದಾಟುವುದಕ್ಕೂ ಮೊದಲೇ ಅವಳಿಗೆ ಹಂಡೆಯ ಸಂಗತಿ ತಿಳಿದುಹೋಯಿತು. ಹುಣಸೆಹಣ್ಣು ಹಚ್ಚಿ ಹಂಡೆಯನ್ನು ಒಳಗೆ ಹೊರಗೆ ತಿಕ್ಕಿಸಿದಳು. ನನ್ನನ್ನು ತಿಕ್ಕಲಿಲ್ಲ ಎಂಬುದಷ್ಟೇ ಸಮಾಧಾನ. ಅವಳಿಗೆ ಹೇಳಲೇ ಎಂದು ಎರಡು ಸಲ ಬಾಯಿ ತೆರೆದೆ. ಮಡಿ, ಏಕಾದಶಿ, ಸೋಮವಾರ ಎಂದು ಒದ್ದಾಡುವ ಮುದಿಜೀವಕ್ಕೆ ತಮ್ಮನ ಮೂಗಿನ ಚಿಂತೆಯೂ ಬೇರೆ ಏಕೆ ಎಂದು ಬಿಟ್ಟೆ. ಇವತ್ತು ಬೆಳಿಗ್ಗೆ ಅಪ್ಪ ಪೆಟ್ಟಿಗೆಯನ್ನು ಕೈಗಿತ್ತು, ದರ್ಜಿಯ ಕಡೆ ಅರಿವೆ ಸುತ್ತಿ ಹೊಲಿಸಿ ಪಾರ್ಸಲು ಮಾಡು ಎಂದರು. "ಮೊದಲು ಎಣ್ಣಿ ಹೋಗಿ ಮುಟ್ಲಿ. ಮನಷ್ಯಾನ ಮಾತು ಆಮ್ಯಾಲೆ" ಎಂದೂ ಅಂದರು. ಕರಿ ಕೋಟು ಟ್ರಂಕಿನಿಂದ ಹೊರಬಂದು ಗೂಟಕ್ಕೆ ತೂಗುತ್ತಿತ್ತು, ಬಿಸಿಲಿಗೆ ಹಾಕಲಿಕ್ಕಿರಬೇಕು.

ನನ್ನ ಉಪಾಯ ಹೀಗಿದೆ. ಅಪ್ಪ ಸಂಧ್ಯಾವಂದನೆಗೆ ಕೂತಾಗ ಗೂಡಿನಲ್ಲಿದ್ದ ಒಳ್ಳೆಯ ಎಣ್ಣೆಯ ಶೀಶೆಯನ್ನು ಅರಿವೆಯಲ್ಲಿ ಸುತ್ತಿ ಜೇಬಿಗೆ ಇಳಿಸಿದ್ದೇನೆ. ಈ ಕಚೇರಿಯ ಪಕ್ಕದಲ್ಲೇ ಕೂರುವ ದರ್ಜಿಯ ಹತ್ತಿರ ಹೋಗುವ ಮುಂಚೆ ಪೆಟ್ಟಿಗೆ ತೆರೆದು ಮೆಣಸಿನ ಬೀಜವನ್ನು ಹೊರಗೆ, ಇದನ್ನು ಒಳಗೆ. ಹಾಗೆ ಮಾಡದಿದ್ದರೆ ಸೇಠರು ಮೂಸಿ ನಗುತ್ತಾರೆ, ಭಾವನವರ ಮಾನ ಹೋಗುತ್ತದೆ, ಅಪ್ಪನ ಹೆಸರು ಮುಂಬಯಿಯಲ್ಲಿ ಮೊದಲ ದಿನವೇ ಸಾಯುತ್ತದೆ. ಮಾಡಿದರೆ ಎಣ್ಣೆ ಒಪ್ಪಿಗೆಯಾಗುತ್ತದೆ, ಅಪ್ಪನನ್ನು ಕರೆಸುತ್ತಾರೆ, ಕುಡಚಿಯಲ್ಲಿ ರೈಲು ಹತ್ತಿಸಬೇಕು. ಆಮೇಲೆ ಆ ಖುರ್ಚಿಯ ಮೇಲೆ, ನಾಲ್ಕು ಜನ ಪರಕೀಯರ ಎದುರಿಗೆ, ಬೇರೆ ಬೇರೆ ಶೀಶೆಗಳನ್ನು ಒಂದೊಂದಾಗಿ ಅವರ ಮುಂದೆ ಇಡುತ್ತಾರೆ. ಅದನ್ನು ನೆನೆಸಿದರೆ ನನಗೆ ಊಟ ಸೇರುವುದಿಲ್ಲ. ಆದ್ದರಿಂದ ಅಕ್ಕಾ, ನೀನು ಒಂದು ಕೆಲಸ ಮಾಡಬೇಕು. ಭಾವನವರಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳು, ಅದು ನಿನ್ನ ಜಾಣತನಕ್ಕೆ ಬಿಟ್ಟದ್ದು. ಸೇಠರು ಎಣ್ಣೆಯನ್ನು ತೆಗೆದುಕೊಳ್ಳಲಿ, ಮನುಷ್ಯನನ್ನು ಬಿಡಲಿ. ಹೊಳೆದಂಡೆಯ ಶುಂಠಿ ಅಲ್ಲಿದೆ, ಪಂತರು ಅಲ್ಲೇ ಇದ್ದು ಎಣ್ಣೆ ತೆಗೆದು ಕಳಿಸುತ್ತಿರಲಿ, ಅವರು ಊರು ಬಿಟ್ಟರೆ ಎಣ್ಣೆ ಕೆಡುತ್ತದೆ ಎಂದು ಭಾವನವರು ಗೌರವದ ಪತ್ರ ಬರೆಯಲಿ. ಇಲ್ಲಿ ನಾನು ಇದ್ದೇನೆ. ನನ್ನ ಮೂಗು ಸಣ್ಣದು, ಚೇಷ್ಟೆಯದು, ಆದರೂ ಕೆಲಸಕ್ಕೆ ಬರುತ್ತದೆ. ಅದನ್ನು ಅಪ್ಪನಿಗೆ ತಿಳಿಯದ ಹಾಗೆ ಅಪ್ಪನ ಸೇವೆಗೆ ಹಚ್ಚುತ್ತೇನೆ. ಕಾಲೇಜಿಗೆ ಹೋಗುವ ಮಾತು ಸದ್ಯಕ್ಕೆ ಯಾರೂ ಎತ್ತಬೇಡಿ.

ಭಾವನವರಿಗೆ ನನ್ನ ನಮಸ್ಕಾರ. ಪುಟ್ಟಿಯ ಇದ್ದ ಹಲ್ಲಿಗೂ ಬರಲಿರುವ ಹಲ್ಲಿಗೂ ಮಾವನ ಆಶೀರ್ವಾದ. ಮಲಗುವಾಗ ಕಿವಿಗೆ ಹತ್ತಿ ಮರೆಯಬೇಡ.

ನಿನ್ನ ತಮ್ಮ,
ಪ್ರಹ್ಲಾದ
(ಬಿರುದುಗಳು ಭಾರವಾಗಿವೆ, ಇವತ್ತು ಬಿಟ್ಟಿದ್ದೇನೆ)

ತಾ. ಕ. — ಖಿಡಕಿ ತೆರೆಯಿತು, ಅವಸರದಲ್ಲಿದ್ದೇನೆ. ಅಕ್ಷರ ಒದ್ದೆಯಾಗಿದ್ದರೆ ಅಳು ಎಂದು ತಿಳಿಯಬೇಡ, ಮೆಣಸಿನಕಾಯಿ. ಶೀಶೆ ಬದಲಿಸುವ ಮುಂಚೆ ಕೊನೆಯದೊಂದು ಸಲ ಮೂಸೋಣವೆಂದು ಜೇಬಿನ ಶೀಶೆಯ ಬಿರಡೆ ತೆಗೆದು, ಅಪ್ಪನ ಹಾಗೆಯೇ ಮೇಲ್ದುಟಿಗೆ ಮುಟ್ಟಿಸಿ ಜೋರಾಗಿ ಉಸಿರೆಳೆದೆ. ಮೂಗಿಗೆ ಬೆಂಕಿ ಬಿತ್ತು! ಸೀನಿದ ರಭಸಕ್ಕೆ ಕಂದು ನಾಯಿ ಕಟ್ಟೆ ಬಿಟ್ಟು ಓಡಿತು. ನನ್ನ ಜೇಬಿನಲ್ಲಿರುವುದು ಮೆಣಸಿನ ಬೀಜದ ಎಣ್ಣೆ. ಪೆಟ್ಟಿಗೆ ತೆರೆದು ನೋಡಿದೆ. ಒಳಗಿರುವುದು ಒಳ್ಳೆಯ ಎಣ್ಣೆ. ನನಗಿಂತ ಮೊದಲೇ ಯಾರೋ ಬದಲಿಸಿದ್ದಾರೆ. ಶೀಶೆಯ ಕತ್ತಿಗೆ ಹತ್ತಿಯ ಎಳೆ ಸುತ್ತಿ ಗಂಟು ಹಾಕಿದೆ, ದೇವರಿಗೆ ಗೆಜ್ಜೆವಸ್ತ್ರ ಹೊಸೆಯುವಾಗ ಅತ್ಯಾ ಹಾಕುವ ಗಂಟು.

ಈಗ ತಿಳಿಯಿತು. ಗಿಡ್ಡ ನಾರಾಯಣ ಅಂದರೆ ಕ್ಷೀಣ, ಉದ್ದ ನಾರಾಯಣಾ ಅಂದರೆ ಛಲೋ. ಬಾಗಿಲಲ್ಲಿ ನಿಂತು ಅವಳು ವರ್ಷದಿಂದ ತನ್ನ ತಮ್ಮನಿಗೆ ಮೂಗಾಗಿದ್ದಾಳೆ, ತಲೆ ಬೋಳಾದಂದಿನಿಂದ ಅತ್ತರು ಮುಟ್ಟದ ಹೆಂಗಸು. ಅವಳು ಮುಧೋಳಕ್ಕೆ ಹೋದಾಗಲಷ್ಟೇ ಅಪ್ಪ ನನ್ನ ಕೈಗೆ ಸಿಕ್ಕಿದ್ದು. ಕಾಶಪ್ಪನ ಮಾತಿನಿಂದ ಅವರಿಗೆ ಸಂಶಯ ಬಂತು, ಅತ್ಯಾ ಬಂದು ಎರಡನ್ನೂ ಮೂಸಿ ಖಾತ್ರಿ ಮಾಡಿದಳು. ನನ್ನ ಚೇಷ್ಟೆಯೂ ಗೊತ್ತಾಗಿದೆ, ನನಗೆ ಗೊತ್ತಾಗಿರುವುದೂ ಗೊತ್ತಾಗಿದೆ, ಆದರೂ ಒಂದು ಮಾತು ಬೈಯದೆ ಒಳ್ಳೆಯದನ್ನು ಪೆಟ್ಟಿಗೆಯಲ್ಲಿಟ್ಟು ನನ್ನ ಚೇಷ್ಟೆಯನ್ನು ನನಗೇ ಗೂಡಿನಲ್ಲಿ ಇಟ್ಟುಬಿಟ್ಟರು. ಕರಿ ಕೋಟು ಟ್ರಂಕು ಬಿಟ್ಟು ಗೂಟಕ್ಕೆ ಬಂದದ್ದು ಬಿಸಿಲಿಗಲ್ಲ ಅಕ್ಕಾ, ಪ್ರಯಾಣವನ್ನೇ ಬಿಟ್ಟದ್ದಕ್ಕೆ. ಅಪ್ಪ ಮುಂಬಯಿಗೆ ಬರುವುದಿಲ್ಲ. ಭಾವನವರು ಏನೂ ನೆಪ ಹುಡುಕಬೇಕಾಗಿಲ್ಲ, ಬರಲಾರೆ ಎಂದು ಅಪ್ಪನೇ ಬರೆಯುತ್ತಾರೆ.

ಮೇಲೆ ಕೇಳಿದ್ದನ್ನೆಲ್ಲ ಬಿಡು, ನನ್ನದು ಈಗ ಇದೊಂದೇ. ಪಾರ್ಸಲು ಮುಟ್ಟಿದ ಕೂಡಲೇ, ಸೇಠರಿಗಿಂತ ಮೊದಲು, ನೀನು ಮೂಸು. ಒಂದು ಹನಿ ಸೆರಗಿಗೆ ಹಚ್ಚಿಕೊಂಡು ದಿನವಿಡೀ ಮನೆಯಲ್ಲಿ ಓಡಾಡು. ಆಮೇಲೆ ಅಪ್ಪನ ಹೆಸರಿಗೇ ಪತ್ರ ಬರೆ. 'ಬಹಳ ಛಲೋ ಆಗಿದೆ' ಎಂದು ಮುಗಿಸಬೇಡ. ಮೊದಲು ಏನು ಬಂತು, ಆಮೇಲೆ ಏನಾಯಿತು, ಒಲೆಯ ಮುಂದೆ ಕೂತಾಗ ಹೇಗಿತ್ತು, ದೀಪ ಹಚ್ಚುವ ಹೊತ್ತಿಗೆ ಸೆರಗಿನಲ್ಲಿ ಏನು ಉಳಿಯಿತು, ಪುಟ್ಟಿ ನಿನ್ನ ಹೆಗಲಿಗೆ ಮೂಗು ಒತ್ತಿದಾಗ ಏನು ಮಾಡಿದಳು, ಎಲ್ಲ ಬಿಡಿಸಿ ಬರೆ. ಕಾಶಪ್ಪನ ಒಂದು ಮಾತನ್ನು ಹಿಡಿದು ಅವರು ಇಷ್ಟು ದಿನ ಹೊತ್ತು ಕಳೆದಿದ್ದಾರೆ. ಪತ್ರ ಬಂದ ದಿನ ನಾನೇ ಓದಿ ಹೇಳುತ್ತೇನೆ, ನಿಧಾನವಾಗಿ, ಚೇಷ್ಟೆ ಮಾಡದೆ. ಅತ್ಯಾ ಬಾಗಿಲಲ್ಲಿ ನಿಂತಿರುತ್ತಾಳೆ. ಕಾಗದ ಎಷ್ಟು ಹಿಡಿದರೂ ಹಿಡಿಯಲಿ, ಉದ್ದ ಬರೆ.